ಹಿತ್ತಿಲ ದೀಪವ್ಯವಸ್ಥೆ: ಚಿಕ್ಕಬಳ್ಳಾಪುರ ಸೀಮೆ

ಹಿತ್ತಿಲ ದೀಪವ್ಯವಸ್ಥೆ ಎಂದರೆ ಮನೆಯ ಹಿಂಬದಿಯ ಬಯಲಿನಲ್ಲಿ ರಾತ್ರಿ ಹೊತ್ತು ಎಲ್ಲಿ, ಎಷ್ಟು, ಯಾವ ಬಣ್ಣದ ಬೆಳಕು ಬೇಕು ಎಂದು ತೀರ್ಮಾನಿಸಿ, ಅದಕ್ಕೆ ತಕ್ಕ ದೀಪಗಳನ್ನು ಆರಿಸಿ ಒಂದಕ್ಕೊಂದು ಹೊಂದಿಸಿ ಹಾಕುವುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಹಿತ್ತಿಲು ಬರಿಯ ವಿರಾಮದ ಜಾಗವಲ್ಲ. ದನದ ಕೊಟ್ಟಿಗೆ, ಬಚ್ಚಲು, ಒಗೆಯುವ ಕಲ್ಲು, ನೀರಿನ ಸಂಪು, ತುಳಸಿಕಟ್ಟೆ, ಅವರೆ ಚಪ್ಪರ, ಎರಡು ತೆಂಗು, ಒಂದು ಹೊಂಗೆ, ಹಲವು ಕಡೆ ರೇಷ್ಮೆಹುಳು ಸಾಕುವ ಮನೆಯೂ ಅಲ್ಲೇ ಇರುತ್ತವೆ. ಬೇಲಿ ದಾಟಿದರೆ ಸೇವಂತಿಗೆ ಹೊಲ, ಹಿಪ್ಪುನೇರಳೆ ತೋಟ ಅಥವಾ ದ್ರಾಕ್ಷಿ ಚಪ್ಪರ. ಇಂಥ ಕಡೆ ಹಚ್ಚಿದ ದೀಪದ ಪರಿಣಾಮ ಮನುಷ್ಯರ ಕಣ್ಣಿಗಷ್ಟೇ ನಿಲ್ಲುವುದಿಲ್ಲ. ಗಿಡ ಹೂ ಬಿಡುವ ಕಾಲ, ಹುಳು ಗೂಡು ಕಟ್ಟುವ ರೀತಿ, ಹಾವು ಓಡಾಡುವ ದಾರಿ ಎಲ್ಲಕ್ಕೂ ಅದು ತಟ್ಟುತ್ತದೆ. ಹಾಗಾಗಿ ಈ ಸೀಮೆಯಲ್ಲಿ ದೀಪ ಎಲ್ಲಿರಬೇಕು ಎಂದು ಯೋಚಿಸುವಾಗಲೇ ಕತ್ತಲು ಎಲ್ಲಿ ಉಳಿಯಬೇಕು ಎಂದೂ ಯೋಚಿಸಬೇಕಾಗುತ್ತದೆ.

ಹಿನ್ನೆಲೆ

ವಿದ್ಯುತ್ತಿಗೆ ಮೊದಲು ಹಿತ್ತಿಲಿಗೆಂದೇ ಮೀಸಲಾದ ದೀಪ ಇರಲಿಲ್ಲ. ತುಳಸಿಕಟ್ಟೆಯ ಗೂಡಿನಲ್ಲಿ ಹೊಂಗೆ ಅಥವಾ ಹರಳೆಣ್ಣೆಯ ಹಣತೆ ಸಂಜೆ ಒಂದಷ್ಟು ಹೊತ್ತು ಉರಿಯುತ್ತಿತ್ತು. ಕೊಟ್ಟಿಗೆಗೆ ಹೋಗುವವರು ಲಾಟೀನು ಹಿಡಿದು ಹೋಗಿ, ಅದರ ಜೊತೆಗೇ ಒಳಗೆ ಬರುತ್ತಿದ್ದರು. ಮದುವೆ, ನಾಟಕ, ಹರಿಕಥೆಗಳಿದ್ದಾಗ ಮಾತ್ರ ಗ್ಯಾಸ್‌ಲೈಟು ಬರುತ್ತಿತ್ತು.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಆದರೆ ಎರಡರ ನಡುವಿನ ಹಳ್ಳಿಗಳು ಕರೆಂಟಿಗಾಗಿ ದಶಕಗಳ ಕಾಲ ಕಾಯಬೇಕಾಯಿತು. ಬಡವರ ಮನೆಗಳಿಗೆ ಕರೆಂಟು ಕೊಟ್ಟ ಭಾಗ್ಯಜ್ಯೋತಿ ಯೋಜನೆ ಮನೆಗೊಂದು ದೀಪದ ಲೆಕ್ಕದ್ದು. ಆ ಒಂದು ದೀಪ ಸಹಜವಾಗಿಯೇ ನಡುಮನೆಗೆ ಹೋಯಿತು, ಹಿತ್ತಿಲು ಕತ್ತಲಲ್ಲೇ ಉಳಿಯಿತು. ಹಿತ್ತಿಲ ಗೋಡೆಗೆ ದೀಪ ಬರುವುದು ಸಾಮಾನ್ಯವಾದದ್ದು ಎಲ್‌ಇಡಿ ಅಗ್ಗವಾದ ಮೇಲೆ. 2015ರಲ್ಲಿ ರಾಜ್ಯದಲ್ಲಿ ‘ಹೊಸ ಬೆಳಕು’ ಹೆಸರಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬುಗಳ ಮಾರಾಟ ಶುರುವಾಯಿತು. 60 ವ್ಯಾಟಿನ ಹಳೆಯ ತಂತಿ ಬಲ್ಬು ಕೊಡುತ್ತಿದ್ದ ಬೆಳಕನ್ನು ಇದು ಸುಮಾರು ಏಳನೆಯ ಒಂದು ಪಾಲು ವಿದ್ಯುತ್ತಿನಲ್ಲಿ ಕೊಡುತ್ತಿತ್ತು. ಇದಕ್ಕೂ ಮೊದಲೇ, ಕೋಲಾರದಿಂದ ಬೇರ್ಪಟ್ಟು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಮರುವರ್ಷ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಆಮೇಲೆ ನಂದಿಬೆಟ್ಟದ ತಪ್ಪಲಿನಲ್ಲಿ ತೋಟದ ಮನೆಗಳೂ ರೆಸಾರ್ಟುಗಳೂ ಹೆಚ್ಚಿ, ಅಂದಕ್ಕಾಗಿಯೇ ಹಾಕುವ ಉದ್ಯಾನ ದೀಪಗಳು ಈ ಕಡೆ ಬಂದವು. ಇಂದು ಒಂದೇ ಊರಿನಲ್ಲಿ ಕೊಟ್ಟಿಗೆಯ ಬಲ್ಬು, ರೇಷ್ಮೆಮನೆಯ ಟ್ಯೂಬ್‌ಲೈಟು, ಹುಲ್ಲುಹಾಸಿನ ಕಂಬದೀಪ ಮೂರನ್ನೂ ಕಾಣಬಹುದು.

ಬೆಳಕಿನ ಅಳತೆ

ಅಂಗಡಿಯಲ್ಲಿ ದೀಪವನ್ನು ವ್ಯಾಟಿನ ಮೇಲೆ ಕೇಳುವ ರೂಢಿ ಇನ್ನೂ ಹೋಗಿಲ್ಲ. ವ್ಯಾಟು ತಿಳಿಸುವುದು ದೀಪ ತಿನ್ನುವ ವಿದ್ಯುತ್ತನ್ನು. ಕೊಡುವ ಬೆಳಕಿನ ಅಳತೆ ಲ್ಯೂಮೆನ್. ನೆಲದ ಮೇಲೆ ಬಿದ್ದ ಬೆಳಕಿನ ಅಳತೆ ಲಕ್ಸ್. ಒಳ್ಳೆಯ ಎಲ್‌ಇಡಿ ವ್ಯಾಟಿಗೆ 100 ಲ್ಯೂಮೆನ್ ಆಸುಪಾಸಿನಲ್ಲಿ ಬೆಳಕು ಕೊಡುತ್ತದೆ. ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸ್‌ಗಿಂತ ಹೆಚ್ಚೇನಿಲ್ಲ, ಆದರೂ ಅದರಲ್ಲಿ ದಾರಿ ಕಾಣುತ್ತದೆ. ನಡೆದಾಡುವ ದಾರಿಗೆ 5ರಿಂದ 10 ಲಕ್ಸ್ ಧಾರಾಳ. ಪಾತ್ರೆ ತೊಳೆಯುವ, ತರಕಾರಿ ವಿಂಗಡಿಸುವ ಜಾಗಕ್ಕೆ 100 ಲಕ್ಸ್ ಮತ್ತು ಅದಕ್ಕಿಂತ ಹೆಚ್ಚು ಬೇಕು.

ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಸುತ್ತಲೂ ಸಮನಾಗಿ ಚೆಲ್ಲುವ 900 ಲ್ಯೂಮೆನ್ನಿನ ಬರಿಯ ಬಲ್ಬು 3 ಮೀಟರ್ ದೂರದಲ್ಲಿ 8 ಲಕ್ಸ್ ಕೊಟ್ಟರೆ 6 ಮೀಟರ್ ದೂರದಲ್ಲಿ ಕೊಡುವುದು 2 ಲಕ್ಸ್. 50 ವ್ಯಾಟಿನ ಫ್ಲಡ್‌ಲೈಟನ್ನು 120 ಡಿಗ್ರಿ ಅಗಲಕ್ಕೆ ಬಿಟ್ಟರೆ, ಅದು ನೇರವಾಗಿ ನೋಡುವ ದಿಕ್ಕಿನಲ್ಲಿ 10 ಮೀಟರ್ ದೂರಕ್ಕೆ 16 ಲಕ್ಸ್, 20 ಮೀಟರ್ ದೂರಕ್ಕೆ ಇನ್ನೂ 4 ಲಕ್ಸ್ ಮುಟ್ಟುತ್ತದೆ. ಆ 20 ಮೀಟರಿನ ಹೊತ್ತಿಗೆ ಬೆಳಕು ಹಿತ್ತಿಲ ಬೇಲಿ ದಾಟಿ ಪಕ್ಕದವರ ಹೊಲದಲ್ಲಿರುತ್ತದೆ, ಅದೂ ಹುಣ್ಣಿಮೆಗಿಂತ ಹದಿನಾರು ಪಟ್ಟು ಜೋರಾಗಿ.

ಬೆಳಕಿನ ಬಣ್ಣದ ಅಳತೆ ಕೆಲ್ವಿನ್. 2700ರಿಂದ 3000 ಕೆಲ್ವಿನ್ ದೀಪದ ಬೆಳಕು ಹಳದಿ ಛಾಯೆಯದು, 4000 ಮಧ್ಯಮ, 6500 ನೀಲಿ ಬೆರೆತ ಬಿಳುಪು. ಸುಲಭವಾಗಿ ಸಿಗುವುದು 6500ರದು, ಹೆಚ್ಚು ಪ್ರಕಾಶವೆಂದು ಜನ ಮೆಚ್ಚುವುದೂ ಅದನ್ನೇ. ಹಿತ್ತಿಲಿಗೆ ಮಾತ್ರ ಅದು ತಕ್ಕದ್ದಲ್ಲ: ಹುಳುಗಳನ್ನು ಎಳೆಯುತ್ತದೆ, ಕಣ್ಣು ಕತ್ತಲಿಗೆ ಹೊಂದಿಕೊಳ್ಳದಂತೆ ಮಾಡುತ್ತದೆ. ಬಣ್ಣಗಳನ್ನು ಇದ್ದ ಹಾಗೆ ತೋರಿಸುವ ಗುಣಕ್ಕೆ ಬೇರೆಯೇ ಸೂಚ್ಯಂಕವಿದೆ. ಟೊಮೆಟೊ ಹಣ್ಣಾಗಿದೆಯೋ ದೋರೆಯೋ, ರೇಷ್ಮೆಗೂಡಿನ ಮೇಲೆ ಕಲೆ ಇದೆಯೋ ಇಲ್ಲವೋ ಎಂದು ನೋಡುವ ಕಡೆ ಈ ಸೂಚ್ಯಂಕ 80ಕ್ಕಿಂತ, ಸಾಧ್ಯವಾದರೆ 90ಕ್ಕಿಂತ ಮೇಲಿರಬೇಕು.

ನೆಲ, ಗೋಡೆಗಳ ಪಾಲೂ ದೊಡ್ಡದು. ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಮುಕ್ಕಾಲು ಪಾಲನ್ನು ಮರಳಿಸುತ್ತದೆ. ಈ ಸೀಮೆಯ ಕೆಮ್ಮಣ್ಣು ಬಹುಪಾಲನ್ನು ನುಂಗುತ್ತದೆ. ಬಿಳಿ ಗೋಡೆಯ ಕಡೆ ತಿರುಗಿಸಿದ ಪುಟ್ಟ ದೀಪವೊಂದು ಬಯಲಿಗೆ ಮುಖಮಾಡಿದ ದೊಡ್ಡ ದೀಪಕ್ಕಿಂತ ಹಿತವಾದ ಬೆಳಕು ಕೊಡುವುದು ಇದರಿಂದಲೇ.

ದೀಪದ ಬಗೆಗಳು

ಬಾಗಿಲ ಮೇಲಿನ ಗೋಡೆದೀಪ, ನೆಲದಿಂದ ಎರಡು ಮೂರು ಅಡಿ ಎತ್ತರದ ಗಿಡ್ಡ ಕಂಬದೀಪ, ಮಣ್ಣಿಗೆ ಚುಚ್ಚುವ ಮೊನೆದೀಪ, ಮೆಟ್ಟಿಲ ಪಕ್ಕ ಹುದುಗಿಸುವ ದೀಪ, ಫ್ಲಡ್‌ಲೈಟು, ಚಪ್ಪರಕ್ಕೆ ತೂಗುಬಿಡುವ ಬಲ್ಬಿನ ಸರ, ಇವಿಷ್ಟು ಹಿತ್ತಿಲಲ್ಲಿ ಬಳಕೆಯಲ್ಲಿರುವ ಮುಖ್ಯ ಬಗೆಗಳು. ಇವುಗಳಲ್ಲಿ ಮೇಲ್ಭಾಗ ಮುಚ್ಚಿದ, ಬೆಳಕನ್ನು ಕೆಳಮುಖವಾಗಿ ಬೀಳಿಸುವ ದೀಪಕ್ಕೆ ಮೊದಲ ಆಯ್ಕೆ ಸಲ್ಲಬೇಕು. ಗಾಜಿನ ಗುಂಡಿನಂಥ ಉದ್ಯಾನ ದೀಪಗಳು ನೋಡಲು ಚೆನ್ನ. ಆದರೆ ಅವುಗಳ ಬೆಳಕಿನ ಅರ್ಧದಷ್ಟು ಆಕಾಶದ ಕಡೆಗೆ ಹೋಗುತ್ತದೆ, ಉಳಿದದ್ದರಲ್ಲೂ ಬಹುಪಾಲು ನೇರ ಕಣ್ಣಿಗೆ ಹೊಡೆಯುತ್ತದೆ.

ಕಂಬಕ್ಕಾಗಿ ಈ ಸೀಮೆ ಹೊರಗೆ ಹುಡುಕಬೇಕಿಲ್ಲ. ದ್ರಾಕ್ಷಿ ಚಪ್ಪರಕ್ಕೂ ಬೇಲಿಗೂ ನೆಡುವ ಕಲ್ಲುಕಂಬ ಎಲ್ಲೆಲ್ಲೂ ಸಿಗುತ್ತದೆ. ಅದಕ್ಕೆ ತುಕ್ಕಿಲ್ಲ, ಗೆದ್ದಲಿಲ್ಲ, ದನ ಮೈ ಉಜ್ಜಿದರೂ ಅಲುಗುವುದಿಲ್ಲ. ಕಲ್ಲನ್ನು ಕೊರೆಯುವ ಬದಲು ಸ್ಟೀಲಿನ ಪಟ್ಟಿ ಸುತ್ತಿ ದೀಪದ ಪೆಟ್ಟಿಗೆಯನ್ನು ಬಿಗಿದರೆ, ಮುಂದೆ ಎತ್ತರ ಬದಲಿಸಲೂ ಬರುತ್ತದೆ. ತೆಂಗು, ಹೊಂಗೆ, ಮಾವಿನ ಮರಕ್ಕೆ ಮೊಳೆ ಹೊಡೆದು ದೀಪ ಕಟ್ಟುವ ಅಭ್ಯಾಸ ಇದೆ. ಮೊಳೆ ಮರಕ್ಕೆ ಗಾಯ ಮಾಡುತ್ತದೆ, ಬಿಗಿದ ತಂತಿ ಬೆಳೆಯುವ ಕಾಂಡವನ್ನು ಕೊಯ್ಯುತ್ತದೆ.

ನೀರು ಮತ್ತು ಧೂಳನ್ನು ತಡೆಯುವ ಶಕ್ತಿಯನ್ನು ಐಪಿ ಎಂಬ ಎರಡಂಕಿಯ ಗುರುತು ಹೇಳುತ್ತದೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಸೂರಿನಡಿಯ ದೀಪಕ್ಕೆ ಐಪಿ44 ಸಾಕು. ಬಯಲಲ್ಲಿ ಮಳೆಗೂ ಮಾರ್ಚ್, ಏಪ್ರಿಲ್ ತಿಂಗಳ ಕೆಂಧೂಳಿಗೂ ಒಡ್ಡಿಕೊಳ್ಳುವ ದೀಪಕ್ಕೆ ಐಪಿ65 ಬೇಕು. ನೆಲದಲ್ಲಿ ಹುದುಗಿಸುವುದಕ್ಕೆ ಐಪಿ67, ನೀರೊಳಗೆ ಇಡುವುದಕ್ಕೆ ಐಪಿ68. ಶಿಡ್ಲಘಟ್ಟದಲ್ಲಿ ಮನೆಗೆ ಹೊಂದಿಕೊಂಡೇ ನಡೆಯುವ ನೂಲು ಬಿಚ್ಚಾಣಿಕೆ ಘಟಕಗಳಿವೆ. ಅಲ್ಲಿ ಗೂಡು ಬೇಯಿಸುವ ನೀರಿನ ಹಬೆ ಇಡೀ ದಿನ ಮೇಲೇಳುವುದರಿಂದ ಒಳಗಿನ ದೀಪಕ್ಕೂ ಬಯಲಿನ ದೀಪದಷ್ಟೇ ರಕ್ಷಣೆ ಬೇಕಾಗುತ್ತದೆ.

ಹೊಂದಿಸುವ ಕ್ರಮ

ಹಿತ್ತಿಲ ಬೆಳಕನ್ನು ಮೂರು ಪದರವಾಗಿ ಯೋಚಿಸುವುದು ಅನುಕೂಲ: ದಾರಿಯ ಬೆಳಕು, ಕೆಲಸದ ಬೆಳಕು, ನೋಟದ ಬೆಳಕು. ಮೂರಕ್ಕೂ ಬೇರೆ ಬೇರೆ ಸ್ವಿಚ್ಚು ಇರಬೇಕು. ಎಲ್ಲವನ್ನೂ ಒಂದೇ ಫ್ಲಡ್‌ಲೈಟಿನಿಂದ ಮುಗಿಸುವ ಪ್ರಯತ್ನವೇ ಹೆಚ್ಚಿನ ಹಿತ್ತಿಲುಗಳು ಕೆಡುವುದಕ್ಕೆ ಕಾರಣ. ಅಂಥ ದೀಪದೆದುರು ನಿಂತವರಿಗೆ ಅದರ ಹಿಂದಿನದು ಏನೂ ಕಾಣುವುದಿಲ್ಲ, ಕೊಟ್ಟಿಗೆಯ ಮರೆಯಲ್ಲಿ ನೆರಳು ಇನ್ನಷ್ಟು ಕಪ್ಪಾಗುತ್ತದೆ.

ದಾರಿಯ ಬೆಳಕು ರಾತ್ರಿ ಹೆಚ್ಚು ಹೊತ್ತು ಬೇಕಾಗುವುದು, ಆದ್ದರಿಂದ ಅದೇ ಎಲ್ಲಕ್ಕಿಂತ ಸಣ್ಣದಿರಬೇಕು. ಹಿಂಬಾಗಿಲಿಂದ ಬಚ್ಚಲು ಅಥವಾ ಕೊಟ್ಟಿಗೆಯವರೆಗೆ ಎಂಟು ಹತ್ತು ಅಡಿಗೊಂದರಂತೆ 2ರಿಂದ 3 ವ್ಯಾಟಿನ, ಕೆಳಮುಖದ, ಹಳದಿ ಛಾಯೆಯ ಗಿಡ್ಡ ದೀಪಗಳು ಸಾಕು. ದೀಪಗಳನ್ನು ದಾರಿಯ ಎರಡೂ ಬದಿಗೆ ಎದುರುಬದುರಾಗಿ ಇಡುವುದಕ್ಕಿಂತ ಒಂದೇ ಬದಿಗೆ ಇಟ್ಟರೆ ಕಲ್ಲು, ತಗ್ಗು, ಮೆಟ್ಟಿಲುಗಳ ನೆರಳು ಒಂದೇ ಕಡೆಗೆ ಬಿದ್ದು ಉಬ್ಬುತಗ್ಗು ಚೆನ್ನಾಗಿ ತಿಳಿಯುತ್ತದೆ.

ಕೆಲಸದ ಬೆಳಕು ಬೇಕಾಗುವುದು ಕೆಲಸ ನಡೆಯುವ ಹೊತ್ತಿನಲ್ಲಿ ಮಾತ್ರ. ಒಗೆಯುವ ಕಲ್ಲು, ಸಂಪು, ಪಂಪಿನ ಪೆಟ್ಟಿಗೆ, ಹಾಲು ಕರೆಯುವ ಜಾಗ, ಇವುಗಳ ಮೇಲೆ ಏಳೆಂಟು ಅಡಿ ಎತ್ತರದಲ್ಲಿ ಮುಸುಕಿರುವ 9ರಿಂದ 12 ವ್ಯಾಟಿನ ದೀಪ ಒಂದೊಂದು. ಹಾಲು ಕರೆಯುವವರ ಬೆನ್ನ ಹಿಂದೆ ದೀಪವಿದ್ದರೆ ಅವರ ನೆರಳೇ ಪಾತ್ರೆಯ ಮೇಲೆ ಬೀಳುತ್ತದೆ; ಪಕ್ಕದಲ್ಲಿರಬೇಕು. ಚಿಂತಾಮಣಿ ಕಡೆ ಟೊಮೆಟೊ, ತರಕಾರಿಯನ್ನು ಮಾರುಕಟ್ಟೆಗೆ ಕಳಿಸುವ ಮುನ್ನ ಮನೆಯಂಗಳದಲ್ಲೇ ವಿಂಗಡಿಸುವವರು ಎರಡು ದೀಪಗಳನ್ನು ರಾಶಿಯ ಎರಡು ಬದಿಗೆ ಕಟ್ಟುವುದು ಒಂದೇ ದೊಡ್ಡ ದೀಪಕ್ಕಿಂತ ಎಷ್ಟೋ ಮೇಲು, ಏಕೆಂದರೆ ಕೈಯ ನೆರಳು ಹಣ್ಣಿನ ಮೇಲೆ ಬೀಳುವುದಿಲ್ಲ.

ನೋಟದ ಬೆಳಕು ಕಡಿಮೆ ಇದ್ದಷ್ಟೂ ಚೆನ್ನ. ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದ ತುಳಸಿಕಟ್ಟೆಗೆ ಬದಿಯಿಂದ ಓರೆಯಾಗಿ ಬೀಳುವ 1 ವ್ಯಾಟಿನ ದೀಪ ಅದರ ಕೆತ್ತನೆಯನ್ನು ಎತ್ತಿ ತೋರಿಸುತ್ತದೆ. ಎದುರಿನಿಂದ ಬಿಟ್ಟ ಬೆಳಕು ಅದನ್ನು ಚಪ್ಪಟೆ ಮಾಡುತ್ತದೆ. ಕಟ್ಟೆಯ ಗೂಡಿನಲ್ಲಿ ಹಣತೆ ಹಚ್ಚುವ ಹೊತ್ತಿನಲ್ಲಿ ಈ ದೀಪ ಆರಿರುವುದೇ ಸರಿ. ಕಾರ್ತಿಕ ಮಾಸದ ಉತ್ಥಾನ ದ್ವಾದಶಿಯಲ್ಲಿ ನೆಲ್ಲಿಕೊಂಬೆ ನೆಟ್ಟು ತುಳಸಿಗೆ ಸಾಲುದೀಪ ಇಡುವ ಮನೆಗಳಲ್ಲಿ ಆ ಸಂಜೆಗೆ ವಿದ್ಯುದ್ದೀಪದ ಮೂರು ಪದರವನ್ನೂ ಆರಿಸುವಂತೆ ಒಂದು ಸ್ವಿಚ್ಚು ಇಟ್ಟುಕೊಂಡರೆ ಹಣತೆಯ ಬೆಳಕಿಗೆ ಅದರ ಬೆಲೆ ಸಿಗುತ್ತದೆ. ಮರದ ಬುಡದಿಂದ ಮೇಲ್ಮುಖವಾಗಿ ಬಿಡುವ ದೀಪ ರೆಸಾರ್ಟುಗಳಿಂದ ಬಂದ ರೂಢಿ. ಗೂಡು ಕಟ್ಟಿರುವ ಹಕ್ಕಿಗಳಿಗೆ ಅದು ಕಾಟ, ಮನೆಯವರಿಗೂ ಅದರಿಂದ ಹೆಚ್ಚಿನ ಉಪಯೋಗವಿಲ್ಲ.

ಹಚ್ಚುವ, ಆರಿಸುವ ಹೊತ್ತನ್ನು ಯಂತ್ರಕ್ಕೆ ಬಿಡಬಹುದು. 13.4 ಡಿಗ್ರಿ ಅಕ್ಷಾಂಶದ ಈ ಸೀಮೆಯಲ್ಲಿ ಸೂರ್ಯ ನವೆಂಬರ್ ನಡುವಿಗೆ 5.50ರ ಹೊತ್ತಿಗೆ, ಜುಲೈ ಮೊದಲಿಗೆ 6.50ರ ಹೊತ್ತಿಗೆ ಮುಳುಗುತ್ತಾನೆ. ಒಂದು ಗಂಟೆಯ ವ್ಯತ್ಯಾಸ ಮಾತ್ರವಾದ್ದರಿಂದ ಸಾದಾ ಟೈಮರನ್ನು ವರ್ಷಕ್ಕೆ ಮೂರು ನಾಲ್ಕು ಸಲ ತಿರುಗಿಸಿದರೆ ಸಾಕು. ಚಲನೆ ಗುರುತಿಸುವ ಸೆನ್ಸರು ಮೈಯ ಶಾಖವನ್ನು ಹಿಡಿಯುವುದು. ಎದುರಿಗೆ ನೇರವಾಗಿ ಬರುವವರಿಗಿಂತ ಅಡ್ಡ ಹಾಯುವವರನ್ನು ಅದು ಬೇಗ ಕಂಡುಕೊಳ್ಳುತ್ತದೆ. ಕೊಟ್ಟಿಗೆಗೆ ಮುಖಮಾಡಿ ಇಟ್ಟರೆ ದನ ಬಾಲ ಬೀಸಿದಾಗಲೆಲ್ಲ ದೀಪ ಹತ್ತಿ ಆರಿ, ರಾತ್ರಿಯಿಡೀ ಯಾರಿಗೂ ನಿದ್ದೆ ಇರುವುದಿಲ್ಲ. ಗೇಟಿಗೆ, ಹಿಂದಿನ ಕಾಂಪೌಂಡಿಗೆ ಅದು ಒಪ್ಪುತ್ತದೆ.

ಸೇವಂತಿಗೆ, ಅವರೆ ಮತ್ತು ಇರುಳಿನ ಉದ್ದ

ಈ ಜಿಲ್ಲೆಯಲ್ಲಿ ರಾತ್ರಿ ಪ್ರಯಾಣ ಮಾಡುವವರಿಗೆ ಹೊಲದ ನಡುವೆ ಸಾಲುಸಾಲು ಬಲ್ಬು ಉರಿಯುವ ನೋಟ ಪರಿಚಿತ. ಅದು ಕಾವಲಿಗಲ್ಲ, ಜಾತ್ರೆಗೂ ಅಲ್ಲ. ಸೇವಂತಿಗೆ ಬೆಳೆಗಾರರು ಗಿಡಕ್ಕೆ ಇರುಳು ಗಿಡ್ಡವಾಗಿದೆಯೆಂದು ನಂಬಿಸಲು ಹಚ್ಚಿದ ಎಲ್‌ಇಡಿ ದೀಪಗಳವು. ಸೇವಂತಿಗೆ ದೀರ್ಘ ಇರುಳನ್ನು ಎಣಿಸಿ ಮೊಗ್ಗಿಡುವ ಗಿಡ. ಹಗಲು ಹದಿಮೂರೂವರೆ ಗಂಟೆಗಿಂತ ಕಡಿಮೆಯಾದಾಗ ಅದು ಎಲೆ ಬಿಡುವುದನ್ನು ನಿಲ್ಲಿಸಿ ಹೂವಿನ ಕಡೆ ತಿರುಗುತ್ತದೆ. ಇಲ್ಲಿ ವರ್ಷದ ಅತಿ ದೀರ್ಘ ಹಗಲು ಕೂಡ ಹದಿಮೂರು ಗಂಟೆ ಮೀರುವುದಿಲ್ಲ. ಅಂದರೆ ಗಿಡವನ್ನು ತನ್ನ ಪಾಡಿಗೆ ಬಿಟ್ಟರೆ ಅದು ಇನ್ನೂ ಗಿಡ್ಡವಿರುವಾಗಲೇ ಹೂ ಬಿಟ್ಟುಬಿಡುತ್ತದೆ. ನಡುರಾತ್ರಿಯ ಕೆಲವು ಗಂಟೆ ದೀಪ ಹಚ್ಚಿ ಇರುಳನ್ನು ಎರಡು ತುಂಡು ಮಾಡಿದರೆ ಗಿಡ ಎತ್ತರ ಬೆಳೆದು ಕವಲೊಡೆಯುತ್ತದೆ. ಆಮೇಲೆ ದೀಪ ನಿಲ್ಲಿಸಿದಾಗ ಹೂವು ಒಟ್ಟಿಗೆ ಬರುತ್ತದೆ, ಹಬ್ಬದ ಮಾರುಕಟ್ಟೆಗೆ ಸರಿಯಾಗಿ. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಕೆಂಪು ಬೆಳಕನ್ನು ಹೀರಿಕೊಂಡು ಈ ಲೆಕ್ಕ ಇಡುತ್ತದೆ. ಆದ್ದರಿಂದ ಕೆಂಪು ಅಂಶ ಹೆಚ್ಚಿರುವ ಬೆಳಕೇ ಇದಕ್ಕೆ ಹೆಚ್ಚು ಪರಿಣಾಮಕಾರಿ.

ರೈತರು ಲೆಕ್ಕ ಹಾಕಿ ಮಾಡುವ ಈ ಕೆಲಸವನ್ನು ಹಿತ್ತಿಲ ದೀಪ ಲೆಕ್ಕವಿಲ್ಲದೆ ಮಾಡಿಬಿಡುತ್ತದೆ. ರಾತ್ರಿಯಿಡೀ ಉರಿಯುವ ಫ್ಲಡ್‌ಲೈಟಿನ ಎದುರು ಹೊಲದ ಅಂಚಿನ ಎರಡು ಮೂರು ಸಾಲು ಬಿದ್ದರೆ, ಹೊಲದ ಉಳಿದೆಡೆ ಹೂವು ಕೊಯ್ಲಿಗೆ ಬಂದಾಗ ಆ ಸಾಲುಗಳು ಹಸಿರು ಎಲೆ ಹೊತ್ತು ನಿಂತಿರಬಹುದು. ವಾಣಿಜ್ಯ ಬೆಳೆಯಲ್ಲಿ 100 ಲಕ್ಸ್ ಸುತ್ತಮುತ್ತ ಬೆಳಕು ಕೊಡುವುದು ವಾಡಿಕೆಯಾದರೂ, ಸೂಕ್ಷ್ಮ ತಳಿಗಳು ಅದಕ್ಕಿಂತ ಬಹಳ ಕಡಿಮೆ ಬೆಳಕಿಗೂ ಸ್ಪಂದಿಸುತ್ತವೆ. ಇಲ್ಲೊಂದು ತೊಡಕಿದೆ: ಹುಳುಗಳ ದೃಷ್ಟಿಯಿಂದ ಒಳ್ಳೆಯದಾದ ಹಳದಿ, ಕೆಂಪು ಛಾಯೆಯ ಬೆಳಕೇ ಹೂವಿನ ದೃಷ್ಟಿಯಿಂದ ಹೆಚ್ಚು ತಟ್ಟುವಂಥದ್ದು. ಬಣ್ಣ ಬದಲಿಸಿ ಇದನ್ನು ಬಗೆಹರಿಸಲಾಗದು. ಬೆಳಕು ಗಿಡದ ಮೇಲೆ ಬೀಳದಂತೆ ಮುಸುಕು ಹಾಕಬೇಕು, ಅಥವಾ ರಾತ್ರಿ ಹತ್ತರೊಳಗೆ ಆರಿಸಬೇಕು.

ಅವರೆಯ ಕಥೆಯೂ ಹೀಗೆಯೇ. ಈ ಸೀಮೆಯ ಚಳಿಗಾಲವನ್ನೇ ರುಚಿಗಟ್ಟಿಸುವ ಸೊಗಡಿನ ಅವರೆಯ ನಾಟಿ ತಳಿಗಳು ಇರುಳು ದೀರ್ಘವಾದಾಗ ಮಾತ್ರ ಹೂ ಬಿಡುತ್ತವೆ. ಹಿತ್ತಿಲ ಚಪ್ಪರಕ್ಕೆ ಹಬ್ಬಿಸಿದ ಅವರೆ ಬಳ್ಳಿ ಹಿಂಬಾಗಿಲ ದೀಪಕ್ಕೆ ಹತ್ತಿರವಿದ್ದರೆ ಆ ಬದಿಯಲ್ಲಿ ಹೂವು ತಡವಾಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ದೀಪ ತಪ್ಪಿಸಲಾಗದ ಕಡೆ ಅವನ್ನು ಬಿತ್ತಬಹುದು.

ರೇಷ್ಮೆಮನೆಯ ಸುತ್ತ

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಿತ್ತಿಲಿನ ಬೆಳಕನ್ನು ನಿರ್ಧರಿಸುವುದು ರೇಷ್ಮೆಹುಳು. ಹುಳುಗಳು ಜೋರು ಬೆಳಕನ್ನೂ ಕಗ್ಗತ್ತಲನ್ನೂ ಬಿಟ್ಟು 15ರಿಂದ 20 ಲಕ್ಸ್‌ನಷ್ಟು ಮಂದ ಬೆಳಕಿನ ಕಡೆ ಸರಿಯುತ್ತವೆ. ಸಾಕಣೆಮನೆಯ ಕಿಟಕಿಯ ಒಂದು ಬದಿಗೆ ಮಾತ್ರ ಹೊರಗಿನ ದೀಪ ಬಿದ್ದರೆ ಹಾಸಿಗೆಯಲ್ಲಿ ಹುಳು ಸಮನಾಗಿ ಹರಡದೆ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳುವಾಗಿ, ಸೊಪ್ಪು ತಿನ್ನುವುದರಲ್ಲಿ ಏರುಪೇರಾಗುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲಿನ ಎರಡು ಮೂರು ದಿನ. ಬಿದಿರಿನ ಚಂದ್ರಿಕೆಗಳನ್ನು ಗಾಳಿಯಾಡಲೆಂದು ಸೂರಿನಡಿ ಅಥವಾ ಅಂಗಳದ ಚಪ್ಪರದಡಿ ಸಾಲಾಗಿ ನಿಲ್ಲಿಸುತ್ತಾರೆ. ಆಗ ಹತ್ತಿರದಲ್ಲೇ ಪ್ರಖರ ದೀಪವಿದ್ದರೆ ಹುಳುಗಳು ಚಂದ್ರಿಕೆಯ ನೆರಳಿನ ಬದಿಗೆ ಹೋಗಿ ಒತ್ತಾಗುತ್ತವೆ. ಎರಡು ಹುಳು ಕೂಡಿ ಒಂದೇ ಗೂಡು ಕಟ್ಟುವ ಜೋಡಿಗೂಡು ಹೆಚ್ಚಾಗುತ್ತದೆ. ಜೋಡಿಗೂಡಿನ ಎಳೆ ಸಲೀಸಾಗಿ ಬಿಚ್ಚಿಕೊಳ್ಳದ ಕಾರಣ ಅದಕ್ಕೆ ಬೆಲೆ ಕಡಿಮೆ. ಒಂದು ತಿಂಗಳ ದುಡಿಮೆ ಕೊನೆಯ ಎರಡು ರಾತ್ರಿಗಳ ದೀಪದಿಂದ ಕೆಡಬಾರದು. ಆ ದಿನಗಳಲ್ಲಿ ಚಂದ್ರಿಕೆಯ ಸಾಲಿನ ಎಲ್ಲ ಬದಿಗೂ ಸಮನಾಗಿ ಮಂದ ಬೆಳಕು ಸಿಗುವಂತೆ ಮಾಡುವುದು, ಇಲ್ಲವೇ ಅಂಗಳದ ದೀಪ ಆರಿಸುವುದು ಒಳ್ಳೆಯದು. ಗೂಡು ಬಿಡಿಸುವ ದಿನ ಇದಕ್ಕೆ ತದ್ವಿರುದ್ಧ. ಬೆಳಗಿನ ಮಾರುಕಟ್ಟೆಗೆ ಒಯ್ಯಲು ಹೊತ್ತಿಗೆ ಮುಂಚೆಯೇ ಹೆಂಗಸರೂ ಮಕ್ಕಳೂ ಸುತ್ತ ಕೂತು ಗೂಡು ಬಿಡಿಸುವಾಗ ಕಲೆಗೂಡು, ಜಳ್ಳುಗೂಡು, ಜೋಡಿಗೂಡುಗಳನ್ನು ಬೇರೆ ಮಾಡಲು ಬಿಳಿಯ, ಜೋರಾದ, ಬಣ್ಣವನ್ನು ನಿಜವಾಗಿ ತೋರಿಸುವ ಬೆಳಕು ಬೇಕು. ಹೀಗೆ ಒಂದೇ ಅಂಗಳಕ್ಕೆ ವಾರದೊಳಗೆ ಎರಡು ವಿರುದ್ಧ ಬಗೆಯ ಬೆಳಕು ಬೇಕಾಗುವುದರಿಂದ, ಮಂದವೂ ಜೋರೂ ಮಾಡಬಲ್ಲ ದೀಪ ಅಥವಾ ಬೇರೆ ಬೇರೆ ಸ್ವಿಚ್ಚಿನ ಎರಡು ದೀಪ ಇಲ್ಲಿ ಅಗತ್ಯ.

ದೀಪ ಸೊಳ್ಳೆ, ಹುಳಹುಪ್ಪಟೆಗಳನ್ನು ಎಳೆದು ತಂದರೆ ಮನೆಯವರು ಸೊಳ್ಳೆಬತ್ತಿ ಹಚ್ಚುತ್ತಾರೆ. ಅದರ ಹೊಗೆಯಲ್ಲಿರುವ ಕೀಟನಾಶಕ ರೇಷ್ಮೆಹುಳುವಿಗೂ ವಿಷ. ಸಾಕಣೆಮನೆಯ ಬಾಗಿಲಿಗೆ ಅಂಟಿಕೊಂಡಂತೆ ದೀಪ ಹಾಕದೆ ಹತ್ತು ಹದಿನೈದು ಅಡಿ ಆಚೆಗೆ ಹಾಕುವುದಕ್ಕೆ ಇದೂ ಒಂದು ಕಾರಣ.

ಹುಳು, ಕಪ್ಪೆ, ಹಾವು

ನೀಲಿ ಮತ್ತು ಅತಿನೇರಳೆ ಬೆಳಕು ಹುಳುಗಳನ್ನು ಸೆಳೆಯುತ್ತದೆ. 2700 ಕೆಲ್ವಿನ್ನಿಗಿಂತ ಕೆಳಗಿನ ಹಳದಿ ಬೆಳಕು ಬಹಳ ಕಡಿಮೆ ಸೆಳೆಯುತ್ತದೆ. ಮುಂಗಾರಿನ ಮೊದಲ ಹದಮಳೆಯ ಸಂಜೆ ಮಳೆಹುಳು, ಅಂದರೆ ರೆಕ್ಕೆ ಬಂದ ಗೆದ್ದಲು, ಬಿಳಿ ದೀಪಕ್ಕೆ ಮುತ್ತುವುದನ್ನು ಎಲ್ಲರೂ ಕಂಡಿದ್ದಾರೆ. ಆ ಸಂಜೆ ಹೊರಗಿನ ದೀಪಗಳನ್ನು ಒಂದು ಗಂಟೆ ಆರಿಸಿದರೆ ಉಪದ್ರವ ಮುಗಿಯುತ್ತದೆ. ಇದೇ ಗುಣವನ್ನು ಕಡಲೆಕಾಯಿ ಬೆಳೆಗಾರರು ಬೇಕೆಂದೇ ಬಳಸುತ್ತಾರೆ: ಕೆಂಪು ಕಂಬಳಿಹುಳುವಿನ ಪತಂಗಗಳು ಮೊದಲ ಮಳೆಯ ಬಳಿಕ ಹೊರಬಂದಾಗ ಹೊಲದಲ್ಲಿ ದೀಪದ ಬಲೆ ಅಥವಾ ಬೆಂಕಿ ಹಾಕಿ ಅವನ್ನು ಕೊಲ್ಲುವುದು ಹಳೆಯ, ಇಂದಿಗೂ ಶಿಫಾರಸಾಗುವ ವಿಧಾನ. ಹಿತ್ತಿಲ ದೀಪದ ಬುಡದಲ್ಲಿ ನೀರಿನ ತಟ್ಟೆ ಇಟ್ಟು ಬಲೆ ಮಾಡುವವರೂ ಉಂಟು. ಆದರೆ ಅದು ಕೈತೋಟದಿಂದ ದೂರವಿರಬೇಕು, ಇಲ್ಲವಾದರೆ ದೂರದ ಹುಳುಗಳನ್ನು ಕರೆದು ಗಿಡಕ್ಕೆ ಬಿಟ್ಟಂತಾಗುತ್ತದೆ.

ಹುಳುಗಳ ಹಿಂದೆ ಕಪ್ಪೆ, ಹಲ್ಲಿ ಬರುತ್ತವೆ; ಕಪ್ಪೆಯ ಹಿಂದೆ ಹಾವು ಬರುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ ಮೂರೂ ಈ ಬಯಲುಸೀಮೆಯಲ್ಲಿವೆ. ಕಟ್ಟುಹಾವು ರಾತ್ರಿಯೇ ಓಡಾಡುವುದು, ಅದು ಕಚ್ಚಿದ್ದು ಹಲವು ಬಾರಿ ನೋವೇ ಆಗದೆ ತಿಳಿಯದೆ ಹೋಗುತ್ತದೆ. ಆದ್ದರಿಂದ ಹುಳು ಮುತ್ತುವ ಬಿಳಿ ದೀಪವನ್ನು ಹೊಸಿಲಿನ ಮೇಲೆಯೇ ಹಾಕಬಾರದು. ಹೊಸಿಲಿಗೆ ಹಳದಿ ಛಾಯೆಯ ಸಣ್ಣ ದೀಪ, ಕಾಲಿಡುವ ಜಾಗವೆಲ್ಲ ಕಾಣುವಂತೆ ದಾರಿಗೆ ಗಿಡ್ಡ ದೀಪ ಇದ್ದರೆ ಹೆಚ್ಚು ಕ್ಷೇಮ. ಸೌದೆ ಒಟ್ಟು, ಕಲ್ಲುಚಪ್ಪಡಿಯ ಸಂದು, ಹುಲ್ಲಿನ ಬಣವೆಯ ಬುಡ ಇವು ದಾರಿಗೆ ಹತ್ತಿರವಿದ್ದರೆ ಅಲ್ಲಿ ನೆರಳು ಉಳಿಯದಂತೆ ಒಂದು ದೀಪ ಹೆಚ್ಚಿಗೆ ಇಡಬೇಕು. ಎಷ್ಟೇ ದೀಪವಿದ್ದರೂ ಕೈಯಲ್ಲಿ ಟಾರ್ಚು ಇರಬೇಕಾದದ್ದೇ.

ತಂತಿ ಮತ್ತು ಸುರಕ್ಷತೆ

ಒದ್ದೆ ನೆಲ, ಬರಿಗಾಲು, ವಿದ್ಯುತ್ತು ಮೂರೂ ಸೇರುವ ಜಾಗ ಹಿತ್ತಿಲು. ಹೊರಗಿನ ದೀಪಗಳ ಮಾರ್ಗವನ್ನು ಒಳಗಿನದರಿಂದ ಬೇರ್ಪಡಿಸಿ, ಅದಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಬೇಕು. ವಿದ್ಯುತ್ತು ಮೈ ಮೂಲಕ ನೆಲಕ್ಕೆ ಹರಿಯತೊಡಗಿದ ಕ್ಷಣಾರ್ಧದಲ್ಲಿ ಅದು ಮಾರ್ಗವನ್ನು ಕಡಿಯುತ್ತದೆ. ಸಾದಾ ಎಂಸಿಬಿಗೆ ಆ ಕೆಲಸ ಬರುವುದಿಲ್ಲ. ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯನ್ನು ದೀಪದ ಕಂಬಕ್ಕೆ ಕಟ್ಟುವುದು, ಅಥವಾ ಬಲ್ಬಿನ ವೈರನ್ನು ಆ ತಂತಿಯ ಮೇಲೆ ಹಾಯಿಸುವುದು ಅತ್ಯಂತ ಅಪಾಯಕರ. ವೈರಿನ ಹೊದಿಕೆ ಸವೆದು ಒದ್ದೆ ಬಟ್ಟೆ ಹರವುವವರು ಪ್ರಾಣ ಕಳೆದುಕೊಂಡದ್ದು ಹಳ್ಳಿಗಳಲ್ಲಿ ಮತ್ತೆ ಮತ್ತೆ ನಡೆದಿದೆ. ಒಣಗುಹಗ್ಗಕ್ಕೆ ನೈಲಾನು ಬಳಸುವುದೊಂದೇ ದಾರಿ.

ನೆಲದಡಿ ಎಳೆಯುವ ತಂತಿ ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲ್ ಆಗಿರಬೇಕು. ಒಂದೂವರೆಯಿಂದ ಎರಡು ಅಡಿ ಆಳದ ಕಾಲುವೆಯಲ್ಲಿ ಮರಳು ಹಾಸಿ, ಮೇಲೆ ಇಟ್ಟಿಗೆ ಜೋಡಿಸಿ ಮಣ್ಣು ಮುಚ್ಚಿದರೆ ಹೆಗ್ಗಣದ ಹಲ್ಲಿನಿಂದಲೂ ಗುದ್ದಲಿಯ ಏಟಿನಿಂದಲೂ ಪಾರು. ಕೂಡಿಕೆಗಳೆಲ್ಲ ನೆಲದ ಮೇಲೆ, ನೀರು ನುಗ್ಗದ ಪೆಟ್ಟಿಗೆಯೊಳಗಿರಬೇಕು.

ದಾರಿಯ ದೀಪಗಳಿಗೆ 12 ಅಥವಾ 24 ವೋಲ್ಟಿನ ವ್ಯವಸ್ಥೆ ಹೆಚ್ಚು ನಿರಪಾಯ. ಇಲ್ಲಿ ಮರೆಯಬಾರದ್ದು ತಂತಿಯ ಉದ್ದದಲ್ಲಿ ಸೋರಿಹೋಗುವ ವೋಲ್ಟು. ಒಟ್ಟು 30 ವ್ಯಾಟಿನ ದೀಪಗಳನ್ನು 20 ಮೀಟರ್ ದೂರದಲ್ಲಿ, 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 12 ವೋಲ್ಟಿಗೆ ನಡೆಸಿದರೆ ಸುಮಾರು 1.2 ವೋಲ್ಟು, ಎಂದರೆ ಹತ್ತನೆಯ ಒಂದು ಪಾಲು, ದಾರಿಯಲ್ಲೇ ಕಳೆದು ಕೊನೆಯ ದೀಪ ಮಂಕಾಗುತ್ತದೆ. ಅದೇ ತಂತಿಯಲ್ಲಿ 24 ವೋಲ್ಟಾದರೆ ಕಳೆಯುವುದು 0.6 ವೋಲ್ಟು, ಶೇಕಡಾ 2.5 ಮಾತ್ರ.

ಕೊಳವೆಬಾವಿಗಳ ಮೋಟರು ಶುರುವಾದಾಗ, ನಿಂತಾಗ ವೋಲ್ಟೇಜು ಏರಿಳಿಯುವುದು ಈ ಜಿಲ್ಲೆಯಲ್ಲಿ ದಿನನಿತ್ಯದ್ದು. ಸಾವಿರ ಅಡಿ ದಾಟಿದ ಬಾವಿಗಳ ಪಂಪುಗಳು ಒಂದೇ ಮಾರ್ಗದಲ್ಲಿದ್ದರೆ ಇನ್ನೂ ಹೆಚ್ಚು. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮಾರ್ಗವನ್ನು ಪಂಪ್‌ಸೆಟ್ಟಿನ ಮಾರ್ಗದಿಂದ ಬೇರ್ಪಡಿಸಿದ ಕಡೆ ತೊಂದರೆ ಕಡಿಮೆ. ತೋಟದ ಮನೆಗಳಲ್ಲಿ ತೊಂದರೆ ಹಾಗೇ ಇದೆ. ಅಲ್ಲಿ 100ರಿಂದ 300 ವೋಲ್ಟಿನವರೆಗೆ ತಾಳುವ, ಸರ್ಜ್ ತಡೆಯಿರುವ ದೀಪಗಳನ್ನೇ ಕೊಳ್ಳಬೇಕು. ಅಗ್ಗದ ಎಲ್‌ಇಡಿ ಸುಟ್ಟುಹೋದಾಗ ಕೆಟ್ಟಿರುವುದು ಸಾಮಾನ್ಯವಾಗಿ ಬೆಳಕು ಕೊಡುವ ಚಿಪ್ಪಲ್ಲ, ಅದಕ್ಕೆ ವಿದ್ಯುತ್ತನ್ನು ಹೊಂದಿಸಿ ಕೊಡುವ ಡ್ರೈವರು.

ಖರ್ಚಿನ ಲೆಕ್ಕ ಸರಳ. ಒಟ್ಟು 10 ವ್ಯಾಟಿನ ದೀಪ ದಿನಕ್ಕೆ 10 ಗಂಟೆ ಉರಿದರೆ ತಿಂಗಳಿಗೆ 3 ಯೂನಿಟ್. 50 ವ್ಯಾಟಿನ ಫ್ಲಡ್‌ಲೈಟು 15 ಯೂನಿಟ್. 2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಯೂನಿಟ್‌ಗಳಿಗೆ ಮಿತಿಯಿರುವುದರಿಂದ, ಕಡಿಮೆ ಬಳಸುವ ಮನೆಯವರಿಗೆ ಈ 15 ಯೂನಿಟ್ ಮಿತಿ ದಾಟಿಸುವಷ್ಟು ದೊಡ್ಡದಾಗಬಹುದು.

ಸೌರದೀಪ

ತಂತಿ ಎಳೆಯಲಾಗದ ತೋಟದ ಮೂಲೆಗೆ, ಪಂಪ್‌ಹೌಸಿಗೆ ಸೌರದೀಪ ಸರಿಯಾದ ಆಯ್ಕೆ. ಫಲಕ ದಕ್ಷಿಣಕ್ಕೆ ಮುಖಮಾಡಿ 13ರಿಂದ 15 ಡಿಗ್ರಿ ಬಾಗಿರಬೇಕು. ತೆಂಗಿನ ಗರಿಯ ನೆರಳು ಫಲಕದ ಒಂದು ಮೂಲೆಯ ಮೇಲೆ ಬಿದ್ದರೂ ಉತ್ಪಾದನೆ ತೀರ ಕುಸಿಯುತ್ತದೆ. ಅಂಗೈಯಗಲದ ಫಲಕವಿರುವ ಅಗ್ಗದ ಮೊನೆದೀಪಗಳು ಮುಂಗಾರಿನ ಮೋಡದ ದಿನಗಳಲ್ಲಿ ಎಂಟು ಗಂಟೆಗೇ ಕಣ್ಣು ಮುಚ್ಚುತ್ತವೆ, ಬ್ಯಾಟರಿಯೂ ಒಂದೆರಡು ವರ್ಷದಲ್ಲಿ ಸೋಲುತ್ತದೆ. ಅವನ್ನು ಅಂದಕ್ಕೆ ಮಾತ್ರ ನೆಚ್ಚಬೇಕು, ಮೆಟ್ಟಿಲಿಗೂ ಬಾವಿಕಟ್ಟೆಗೂ ಅಲ್ಲ. ಬೇರೆ ಫಲಕ ಮತ್ತು ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇರುವ ವ್ಯವಸ್ಥೆ ದುಬಾರಿಯಾದರೂ ಹಲವು ವರ್ಷ ಬಾಳುತ್ತದೆ.

ಆಕಾಶ ಮತ್ತು ರೇಡಿಯೊ

ಗೌರಿಬಿದನೂರಿನ ಬಳಿ 1976ರಿಂದ ಒಂದು ರೇಡಿಯೊ ವೀಕ್ಷಣಾಲಯವಿದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ಅಲ್ಲಿನ ಟಿ ಆಕಾರದ ದೂರದರ್ಶಕ ಸಾವಿರ ಆಂಟೆನಾಗಳಿಂದ 34.5 ಮೆಗಾಹರ್ಟ್ಸ್ ಅಲೆಗಳನ್ನು ಆಲಿಸಿತು. 1997ರಿಂದ ಸೂರ್ಯನ ರೇಡಿಯೊ ಚಿತ್ರ ತೆಗೆಯುವ ಉಪಕರಣವೂ ಇದೆ. ರೇಡಿಯೊ ಅಲೆಗೆ ಬೆಳಕಿನಿಂದ ತೊಂದರೆಯಿಲ್ಲ. ತೊಂದರೆಯಿರುವುದು ಅಗ್ಗದ ಎಲ್‌ಇಡಿ ಡ್ರೈವರು ಹೊರಸೂಸುವ ರೇಡಿಯೊ ಗದ್ದಲದಿಂದ. ಅದರ ಕಂಪನಗಳು ಹತ್ತಾರು ಮೆಗಾಹರ್ಟ್ಸ್‌ವರೆಗೂ ಚಾಚಬಲ್ಲವು. ಮನೆಯಲ್ಲೇ ಪರೀಕ್ಷಿಸಬಹುದು: ಬ್ಯಾಟರಿ ರೇಡಿಯೊವನ್ನು ಮಧ್ಯಮ ತರಂಗದ ಖಾಲಿ ಜಾಗಕ್ಕೆ ತಿರುಗಿಸಿ ದೀಪದ ಹತ್ತಿರ ಹಿಡಿದಾಗ ಗೊರಗೊರ ಸದ್ದು ಜೋರಾದರೆ ಡ್ರೈವರಿನಲ್ಲಿ ಶೋಧಕ ಇಲ್ಲವೆಂದು ತಿಳಿಯಬೇಕು. ಶೋಧಕವಿರುವ ದೀಪಗಳನ್ನು ಆರಿಸುವುದು ಮೊದಲ ರಕ್ಷಣೆ.

ಬೆಳಕಿನ ಮಾಲಿನ್ಯ ಮಾತ್ರ ಕಣ್ಣಿಗೆ ಕಾಣುವಂಥದ್ದೇ. ಈ ತಾಲ್ಲೂಕುಗಳ ದಕ್ಷಿಣ ದಿಗಂತದಲ್ಲಿ ಬೆಂಗಳೂರಿನ ಹೊಳಪು ರಾತ್ರಿಯಿಡೀ ಇರುತ್ತದೆ. ಉತ್ತರಕ್ಕೆ, ಗೌರಿಬಿದನೂರು ದಾಟಿ ಹೋದಷ್ಟೂ ಆಕಾಶಗಂಗೆ ಇನ್ನೂ ಬರಿಗಣ್ಣಿಗೆ ಸಿಗುತ್ತದೆ. ಮೇಲ್ಮುಖದ ದೀಪ ಹಾಕದಿರುವುದು, ಹತ್ತರ ನಂತರ ಕೆಲಸದ ದೀಪ ಆರಿಸುವುದು ಇಷ್ಟರಿಂದಲೇ ಅದು ಉಳಿಯುತ್ತದೆ.

ನಿರ್ವಹಣೆ

ಕೆಂಧೂಳು ಕೂತ ಗಾಜು ಬೇಸಿಗೆಯಲ್ಲಿ ಬೆಳಕಿನ ದೊಡ್ಡ ಪಾಲನ್ನು ತಿನ್ನುತ್ತದೆ. ತಿಂಗಳಿಗೊಮ್ಮೆ, ಸ್ವಿಚ್ಚು ಆರಿಸಿ, ಒದ್ದೆ ಬಟ್ಟೆಯಿಂದ ಒರೆಸಬೇಕು. ಕೊಳವೆಬಾವಿಯ ಗಡಸುನೀರು ಸಿಡಿದ ಕಡೆ ಬಿಳಿ ಕಲೆ ಗಟ್ಟಿಯಾಗುತ್ತದೆ. ಹುಣಸೆಹಣ್ಣಿನ ರಸ ಅದನ್ನು ಕರಗಿಸುತ್ತದೆ. ತುಂತುರು ನೀರಾವರಿಯ ಬಾಯಿ ದೀಪದ ಕಡೆ ತಿರುಗದಂತೆ ನೋಡಿಕೊಂಡರೆ ಅದೂ ಬೇಕಿಲ್ಲ. ದೀಪದ ಪೆಟ್ಟಿಗೆಯ ತಂತಿ ನುಗ್ಗುವ ರಂಧ್ರಕ್ಕೆ ರಬ್ಬರಿನ ಬಿರಡೆ ಇಲ್ಲದಿದ್ದರೆ ಇರುವೆ, ಹಲ್ಲಿ ಒಳಹೊಕ್ಕು ಶಾರ್ಟ್ ಮಾಡುತ್ತವೆ. ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಮಳೆಗಾಲದ ಮುನ್ನ ಒತ್ತಿ ನೋಡಬೇಕು. ಬಳ್ಳಿ, ಮರ ಬೆಳೆದಂತೆ ಬೆಳಕಿನ ದಾರಿ ಮುಚ್ಚಿಹೋಗುವುದರಿಂದ ವರ್ಷಕ್ಕೊಮ್ಮೆ ದೀಪಗಳ ದಿಕ್ಕು ಸರಿಪಡಿಸುವುದು ವಾಡಿಕೆಯಾಗಬೇಕು. ಹಳೆಯ ಟ್ಯೂಬ್‌ಲೈಟು, ಸಿಎಫ್‌ಎಲ್‌ಗಳಲ್ಲಿ ಪಾದರಸವಿರುತ್ತದೆ. ಅವನ್ನು ತಿಪ್ಪೆಗೆ ಎಸೆದರೆ ಗೊಬ್ಬರದ ಮೂಲಕ ಹೊಲ ಸೇರುವ ಕಾರಣ, ಒಡೆಯದಂತೆ ಕಟ್ಟಿಟ್ಟು ವಿದ್ಯುನ್ಮಾನ ತ್ಯಾಜ್ಯ ಪಡೆಯುವವರಿಗೆ ಕೊಡಬೇಕು.